ಪಾರ್ಟ್ನರ್ ಸುಳ್ಳು ಕ್ಲೇಮ್ ಹಾಕಿದ್ರೆ ನನ್ನ ಪಾಲಿನ ಇನ್ಶೂರೆನ್ಸ್ ದುಡ್ಡೂ ಹೋಗುತ್ತಾ? – ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ದಾವಣಗೆರೆ ಮಂಡಿಪೇಟೆ ಕಡೆ ಅಂಗಡಿಗಳ ಲೆಕ್ಕ ಬರೆಯೋನು, ವಕೀಲ ಅಲ್ಲ. ಆದ್ರೆ ಈ ವಿಷಯ ನಮ್ಮನೆ ಒಳಗೇ ಬಂದು ಹೋಗಿದ್ದು. ನಮ್ಮಪ್ಪ ಮತ್ತೆ ಅವರ ಸ್ನೇಹಿತರು ಸೇರಿ ಮಂಡಕ್ಕಿ ಭಟ್ಟಿ ನಡೆಸ್ತಿದ್ರು, ಭತ್ತದ ಗೋಡೌನ್‌ಗೆ ಬೆಂಕಿ ಬಿತ್ತು, ಬೆಂಕಿ ನಿಜ, ಸುಟ್ಟಿದ್ದೂ ನಿಜ, ಆದ್ರೆ ಆ ಸ್ನೇಹಿತರು ಬರದೇ ಇದ್ದ ಎರಡು ಲೋಡ್ ಭತ್ತಕ್ಕೂ ಬಿಲ್ ಸೇರಿಸಿದ್ರು, ಅದು ಸಿಕ್ಕಿಬಿತ್ತು, ಕಂಪನಿ ಪೂರ್ತಿ ಕ್ಲೇಮನ್ನೇ ರಿಜೆಕ್ಟ್ ಮಾಡ್ತು. ಕೋತಿ ತಾನು ತಿಂದು ಮೇಕೆ ಮೂತಿಗೆ ಒರೆಸ್ತು ಅಂತಾರಲ್ಲ, ಅದೇ ಆಯ್ತು. ಅವತ್ತಿಂದ ಯಾರಾದ್ರೂ ಈ ಥರ ಪೇಪರ್ ಹಿಡ್ಕೊಂಡು ಬಂದ್ರೆ ನಾನು ಕೂತು ಓದ್ತೀನಿ. ಅವರು ಕೇಳೋ ಪ್ರಶ್ನೆಗಳೇ ಇಲ್ಲಿರೋವು.

ನಷ್ಟ ನಿಜವಾಗ್ಲೂ ಆಗಿದೆ, ಸುಳ್ಳು ಸೇರಿಸಿದ್ದು ಸ್ವಲ್ಪ ಮಾತ್ರ. ಅಷ್ಟು ಕಟ್ ಮಾಡಿ ಉಳಿದಿದ್ದು ಕೊಡ್ತಾರಲ್ವಾ?

ಎಲ್ಲರೂ ಮೊದಲು ಕೇಳೋದು ಇದನ್ನೇ, ಉತ್ತರ ಕೇಳಿ ಮುಖ ಸಪ್ಪೆ ಮಾಡ್ಕೊಳ್ತಾರೆ. ಕೊಡಲ್ಲ. ಹಳೇ ಸ್ಟ್ಯಾಂಡರ್ಡ್ ಫೈರ್ ಪಾಲಿಸಿ ಇದ್ರೆ ತೆಗೆದು 8ನೇ ಕಂಡೀಶನ್ ಓದಿ. ಕ್ಲೇಮ್ ಯಾವುದೇ ವಿಷಯದಲ್ಲಿ ಮೋಸದ್ದಾಗಿದ್ರೆ, ಅದಕ್ಕೆ ಸುಳ್ಳು ಡಿಕ್ಲರೇಶನ್ ಕೊಟ್ಟಿದ್ರೆ, ವಿಮೆದಾರನಾಗ್ಲಿ (ಅಂದ್ರೆ ಪಾಲಿಸಿ ಮಾಡಿಸಿದವನು) ಅವನ ಪರವಾಗಿ ಯಾರೇ ಆಗ್ಲಿ ಮೋಸದ ದಾರಿ ಹಿಡಿದಿದ್ರೆ, ಅಥವಾ ಅವನೇ ಬೇಕಂತ ನಷ್ಟ ಮಾಡಿದ್ರೆ, ಪಾಲಿಸಿಯ ಎಲ್ಲಾ ಲಾಭ ಹೋಯ್ತು ಅಂತ ಅದರಲ್ಲಿ ಬರೆದಿದೆ. ಸುಳ್ಳಿನ ಭಾಗ ಮಾತ್ರ ಅಂತ ಎಲ್ಲೂ ಇಲ್ಲ. 20 ಲಕ್ಷದ ನಿಜವಾದ ನಷ್ಟಕ್ಕೆ 3 ಲಕ್ಷದ ಸುಳ್ಳು ಬಿಲ್ ಅಂಟಿಸಿದ್ರೆ ಆ ಮೂರರ ಜೊತೆ ಇಪ್ಪತ್ತೂ ಹೋಗುತ್ತೆ.

2021ರ ಏಪ್ರಿಲ್ 1ರಿಂದ ಮನೆಗೆ ಭಾರತ್ ಗೃಹ ರಕ್ಷಾ, ಒಂದು ಜಾಗದಲ್ಲಿ 5 ಕೋಟಿವರೆಗಿನ ಆಸ್ತಿ ಇರೋ ಸಣ್ಣ ವ್ಯಾಪಾರಕ್ಕೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ, ಅದಕ್ಕಿಂತ ಮೇಲೆ 50 ಕೋಟಿವರೆಗೆ ಭಾರತ್ ಲಘು ಉದ್ಯಮ ಸುರಕ್ಷಾ ಬಂದಾವೆ. ಭಾಷೆ ಸರಳ ಆಗಿದೆ, "ನೀವು" "ನಾವು" ಅಂತ ಮಾತಾಡುತ್ತೆ, ಆದ್ರೆ ಮೋಸದ ಕಂಡೀಶನ್ ಅದರೊಳಗೂ ಐತೆ.

ಇಂಗ್ಲೆಂಡಲ್ಲಿ 2016ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಂದು ಹಡಗಿನ ಕೇಸಲ್ಲಿ ಸ್ವಲ್ಪ ಸಡಿಲ ಮಾಡ್ತು, ಕ್ಲೇಮ್ ಪೂರ್ತಿ ನ್ಯಾಯವಾದದ್ದು, ಮಧ್ಯೆ ಹೇಳಿದ ಸುಳ್ಳಿಂದ ಹಕ್ಕಿನಲ್ಲಿ ಏನೂ ವ್ಯತ್ಯಾಸ ಆಗಿಲ್ಲ ಅಂದ್ರೆ ಅಷ್ಟಕ್ಕೇ ಕ್ಲೇಮ್ ಮುಳುಗಿಸಬಾರದು ಅಂತ. ಆದ್ರೆ ಮೊತ್ತ ಉಬ್ಬಿಸಿದವನಿಗೆ ಅಲ್ಲೂ ರಕ್ಷಣೆ ಇಲ್ಲ, ಮತ್ತೆ ನಮ್ಮ ಪಾಲಿಸಿ ಕಾಗದದಲ್ಲೇ ಸುಳ್ಳು ಡಿಕ್ಲರೇಶನ್ ಅಂತ ಬರೆದಿರೋವಾಗ ಆ ತೀರ್ಪು ನಂಬ್ಕೊಂಡು ಕೂರಬೇಡಿ.

ಸುಳ್ಳು ಹೇಳಿದ್ದು ಅವನು, ನಾನಲ್ಲ. ನನ್ನ ಪಾಲಾದ್ರೂ ಕೊಡಬೇಕಲ್ವಾ?

ಇಡೀ ವಿಷಯದ ಬೇರು ಇಲ್ಲೇ ಇರೋದು. ಉತ್ತರ ನಿಮ್ಮ ಒಳ್ಳೇತನದ ಮೇಲೆ ನಿಂತಿಲ್ಲ, ಆ ಆಸ್ತಿಯಲ್ಲಿ ನಿಮ್ಮಿಬ್ಬರ ಹಿತ (ಅಂದ್ರೆ ಅದು ಹೋದ್ರೆ ನಷ್ಟ ಆಗೋ ಹಕ್ಕು) ಒಂದೇನಾ ಬೇರೆ ಬೇರೇನಾ ಅನ್ನೋದರ ಮೇಲೆ ನಿಂತಿದೆ.

ಒಂದೇ ತಟ್ಟೆಯಲ್ಲಿ ಇಬ್ಬರು ಉಣ್ತಿದ್ದಾರೆ ಅನ್ಕೊಳ್ಳಿ, ಇದು ನಿಂದು ಇದು ನಂದು ಅಂತ ಗೆರೆ ಇಲ್ಲ. ಒಬ್ಬ ಅದಕ್ಕೆ ಮಣ್ಣು ಹಾಕಿದ್ರೆ ಇಬ್ಬರ ಊಟನೂ ಹೋಯ್ತು. ಇದನ್ನ ಜಾಯಿಂಟ್ ಇನ್ಶೂರೆನ್ಸ್ ಅಂತಾರೆ. ಎರಡು ತಟ್ಟೆ ಬೇರೆ ಬೇರೆ ಇಟ್ಟು, ಬಡಿಸೋ ಪಾತ್ರೆ ಮಾತ್ರ ಒಂದೇ ಆಗಿದ್ರೆ ಅದು ಕಾಂಪೋಸಿಟ್ ಇನ್ಶೂರೆನ್ಸ್, ಅಂದ್ರೆ ಪಾಲಿಸಿ ಕಾಗದ ಒಂದೇ ಆದ್ರೂ ಒಳಗೆ ಒಬ್ಬೊಬ್ಬರದ್ದೂ ಬೇರೆ ಕರಾರು ಇದ್ದಂಗೆ. ಕಟ್ಟಡದ ಮಾಲೀಕ ಮತ್ತೆ ಬಾಡಿಗೆದಾರ, ಸಾಲಗಾರ ಮತ್ತೆ ಬ್ಯಾಂಕ್, ಗೋಡೌನ್‌ನವನು ಮತ್ತೆ ಮಾಲಿನವನು, ಇವರೆಲ್ಲ ಸಾಮಾನ್ಯವಾಗಿ ಎರಡನೇ ಗುಂಪಿಗೆ ಬರ್ತಾರೆ. ಅಲ್ಲಿ ಒಬ್ಬನ ಮೋಸ ಇನ್ನೊಬ್ಬನ ಪಾಲನ್ನ ತಾನಾಗೇ ತಿನ್ನಲ್ಲ.

ಈ ಭೇದ ಇಂಗ್ಲೆಂಡಿನ ಎರಡು ಹಳೇ ಕೇಸಿಂದ ಬಂದಿದ್ದು. 1924ರ ಸ್ಯಾಮ್ಯುಯೆಲ್ ವರ್ಸಸ್ ಡ್ಯೂಮಾಸ್ ಕೇಸಲ್ಲಿ ಮಾಲೀಕನ ಕಡೆಯಿಂದಲೇ ಹಡಗು ಮುಳುಗಿಸಿದ್ರು, ಹಡಗು ಅಡ ಇಟ್ಕೊಂಡಿದ್ದವನಿಗೆ ಏನೂ ಗೊತ್ತಿಲ್ಲ. ಹಿತ ಬೇರೆ ಬೇರೆ ಇದ್ರೆ ಮಾಲೀಕನ ಪಾಪ ಅಡಮಾನದವನಿಗೆ ಅಂಟಲ್ಲ ಅಂತ ಮಾತು ಬಂದಿದ್ದು ಅಲ್ಲೇ. ಆದ್ರೂ ಆ ಮನುಷ್ಯನಿಗೆ ದುಡ್ಡು ಬರ್ಲಿಲ್ಲ, ಯಾಕಂದ್ರೆ ಬೇಕಂತ ಮುಳುಗಿಸಿದ್ದು ಸಮುದ್ರದ ಅಪಾಯ ಅಲ್ಲ, ಪಾಲಿಸಿ ಕವರ್ ಮಾಡಿದ್ದು ಸಮುದ್ರದ ಅಪಾಯವನ್ನ. ಇದನ್ನ ನೆನಪಿಟ್ಕೊಳ್ಳಿ, ನೀವು ಅಮಾಯಕರು ಅನ್ನೋದು ಒಂದು ಬಾಗಿಲು, ಆಗಿರೋ ನಷ್ಟ ಪಾಲಿಸಿಯಲ್ಲಿ ಕವರ್ ಆಗುತ್ತಾ ಅನ್ನೋದು ಇನ್ನೊಂದು, ಎರಡೂ ದಾಟಬೇಕು. ಜಾಯಿಂಟ್ ಮತ್ತೆ ಕಾಂಪೋಸಿಟ್ ಗೆರೆಯನ್ನ ಇನ್ನೂ ಸ್ಪಷ್ಟವಾಗಿ ಎಳೆದಿದ್ದು 1940ರ ಮಿಡ್‌ಲ್ಯಾಂಡ್ ಬ್ಯಾಂಕ್ ಕೇಸು. ನಮ್ಮ ಕೋರ್ಟ್‌ಗಳು ಇವನ್ನ ಪಾಲಿಸಲೇಬೇಕು ಅಂತಿಲ್ಲ, ಆದ್ರೆ ವಾದ ಮಾಡೋಕೆ ಆಧಾರ ಆಗ್ತಾವೆ. ಅಮಾಯಕ ಜೊತೆಗಾರನ್ನ ಕಾಪಾಡೋಕಂತಲೇ ನಮ್ಮ 1938ರ ಇನ್ಶೂರೆನ್ಸ್ ಆಕ್ಟಲ್ಲಿ ಒಂದು ಸೆಕ್ಷನ್ ಇಲ್ಲ, ಹಾಗಾಗಿ ಪಾಲಿಸಿ ಕಾಗದದಲ್ಲಿ ಏನಿದೆ ಅನ್ನೋದೇ ದೊಡ್ಡದಾಗುತ್ತೆ.

ನಾವು ಪಾರ್ಟ್ನರ್‌ಶಿಪ್ ಫರ್ಮ್. ನನ್ನದು 50 ಪರ್ಸೆಂಟ್. ಅದು ಬೇರೆ ಪಾಲಲ್ವಾ?

ಅಲ್ಲ, ಇದನ್ನ ಹೇಳೋಕೆ ನನಗೆ ಸಂಕಟ ಆಗುತ್ತೆ, ನಮ್ಮಪ್ಪನೂ ಹಂಗೇ ಅನ್ಕೊಂಡಿದ್ರು. ಗೋಡೌನ್ ಒಳಗಿನ ಮಾಲು ಫರ್ಮಿನದ್ದು. ಅರ್ಧ ಚೀಲ ನಿಂದು ಅರ್ಧ ನಂದು ಅಂತ ಇಲ್ಲ, ನಿಮ್ಮ 50 ಪರ್ಸೆಂಟ್ ಇರೋದು ಲಾಭ ನಷ್ಟದ ಲೆಕ್ಕದಲ್ಲಿ. 1932ರ ಪಾರ್ಟ್ನರ್‌ಶಿಪ್ ಆಕ್ಟ್ 18ನೇ ಸೆಕ್ಷನ್ ಪ್ರಕಾರ ಪ್ರತಿ ಪಾರ್ಟ್ನರ್ ಫರ್ಮಿನ ಏಜೆಂಟ್. ಅವನು ವ್ಯವಹಾರದ ಭಾಗವಾಗಿ ಮಾಡಿದ ತಪ್ಪಿಂದ ಹೊರಗಿನವರಿಗೆ ನಷ್ಟ ಆದ್ರೆ ಫರ್ಮೇ ಹೊಣೆ ಅಂತ 26ನೇ ಸೆಕ್ಷನ್. ಕ್ಲೇಮ್ ಫಾರ್ಮ್ ತುಂಬಿದ್ದು ಫರ್ಮಿನ ಹೆಸರಲ್ಲಿ, ಸುಳ್ಳು ಬಿಲ್ ಕೊಟ್ಟಿದ್ದೂ ಫರ್ಮಿನ ಹೆಸರಲ್ಲಿ, ಹಾಗಾಗಿ ಕಂಪನಿ ಕಣ್ಣಿಗೆ ಸುಳ್ಳು ಹೇಳಿದ್ದು ಫರ್ಮೇ.

ಹಂಗಂತ ನೀವು ಪೂರ್ತಿ ಕೈ ಕಟ್ಟಿ ಕೂರಬೇಕಾಗಿಲ್ಲ. ಅದೇ ಆಕ್ಟಿನ 10ನೇ ಸೆಕ್ಷನ್ ತುಂಬಾ ಜನಕ್ಕೆ ಗೊತ್ತೇ ಇಲ್ಲ. ಫರ್ಮಿನ ವ್ಯವಹಾರದಲ್ಲಿ ಒಬ್ಬ ಪಾರ್ಟ್ನರ್ ಮೋಸ ಮಾಡಿ ಫರ್ಮಿಗೆ ನಷ್ಟ ತಂದ್ರೆ ಆ ನಷ್ಟ ಅವನೇ ತುಂಬಿ ಕೊಡಬೇಕು. ಇನ್ಶೂರೆನ್ಸ್ ಕಂಪನಿಯಿಂದ ಬರಬೇಕಿದ್ದು ಅವನಿಂದಾಗಿ ಬರ್ಲಿಲ್ಲ ಅಂದ್ರೆ ಅವನಿಂದಲೇ ವಸೂಲಿ ಕೇಳಬಹುದು, ಸಿವಿಲ್ ಕೋರ್ಟಲ್ಲಿ. ಸ್ನೇಹ, ಬೀಗತನ, ಒಂದೇ ಕೇರಿ ಅಂತ ನಮ್ಮೂರ ಕಡೆ ಇದನ್ನ ಯಾರೂ ಮಾಡಲ್ಲ. ನಮ್ಮಪ್ಪನೂ ಮಾಡ್ಲಿಲ್ಲ. ಮಾಡಬೇಕಿತ್ತು ಅಂತ ನಾನು ಇವತ್ತಿಗೂ ಅಂತೀನಿ.

ಪ್ರೈವೇಟ್ ಲಿಮಿಟೆಡ್ ಆದ್ರೆ ಕಾನೂನಿನ ಕಣ್ಣಿಗೆ ನಿಮ್ಮ ಕಂಪನಿಯೇ ಒಂದು ಬೇರೆ ವ್ಯಕ್ತಿ, ಆದ್ರೆ ನಡೆಸೋ ಡೈರೆಕ್ಟರೇ ಮೋಸ ಮಾಡಿದ್ರೆ ಅದು ಕಂಪನಿಯ ಮೋಸ ಅಂತಲೇ ವಾದ ಬರುತ್ತೆ.

ಮನೆ ಗಂಡ ಹೆಂಡತಿ ಇಬ್ಬರ ಹೆಸರಲ್ಲಿದೆ. ಗಂಡ ಸಿಟ್ಟಲ್ಲಿ ಬೆಂಕಿ ಇಟ್ಟ. ಹೆಂಡತಿಗೆ ಏನೂ ಸಿಗಲ್ವಾ?

ಹಳೇ ಲೆಕ್ಕದಲ್ಲಿ ಜಂಟಿ ಮಾಲೀಕತ್ವ ಅಂದ್ರೆ ಜಾಯಿಂಟ್, ಜಾಯಿಂಟ್ ಅಂದ್ರೆ ಇಬ್ಬರಿಗೂ ಇಲ್ಲ. ಹೊಡೆತ ತಿಂದವಳೂ ಅವಳೇ, ಸೂರು ಕಳ್ಕೊಂಡವಳೂ ಅವಳೇ, ಕ್ಲೇಮ್ ರಿಜೆಕ್ಟ್ ಆಗೋದೂ ಅವಳದ್ದೇ, ಇದು ಅನ್ಯಾಯ ಅಂತ ಬೇರೆ ದೇಶಗಳಿಗೆ ನಿಧಾನಕ್ಕೆ ಅರ್ಥ ಆಯ್ತು. ಅಮೆರಿಕದಲ್ಲಿ ಮೊದಲು ಇದೇ ಹಳೇ ನಿಯಮ ಇತ್ತು, ಆಮೇಲೆ ಎಷ್ಟೋ ರಾಜ್ಯಗಳ ಕೋರ್ಟ್‌ಗಳು ತಿರುಗಿಸಿದ್ವು, 1982ರಲ್ಲಿ ವಿಸ್ಕಾನ್ಸಿನ್ ಕೋರ್ಟ್ ಮೋಸದ ಹೊಣೆ ಮಾಡಿದವನದ್ದೇ ಅಂತು, ಕೆಲವು ರಾಜ್ಯಗಳು ಮನೆಯೊಳಗಿನ ಹಿಂಸೆಗೆ ಸಿಕ್ಕಿದವರಿಗಂತಲೇ ಕಾನೂನು ಮಾಡಿದ್ವು. ಕೆನಡಾದಲ್ಲಿ 1989ರಲ್ಲಿ ಮಗ ಮನೆಗೆ ಬೆಂಕಿ ಇಟ್ಟ ಕೇಸು ಸುಪ್ರೀಂ ಕೋರ್ಟಿಗೆ ಹೋಯ್ತು, ಪಾಲಿಸಿಯಲ್ಲಿ ಮಗನೂ ವಿಮೆದಾರನ ವ್ಯಾಖ್ಯೆಯೊಳಗೆ ಬರ್ತಾನೆ ಅಂತ ಅಪ್ಪ ಅಮ್ಮನಿಗೆ ದುಡ್ಡು ಸಿಗಲಿಲ್ಲ. ಏಳು ಜಡ್ಜಲ್ಲಿ ನಾಲ್ಕು ಜನ ಆ ಕಡೆ, ಮೂರು ಜನ ಈ ಕಡೆ. ಆಮೇಲೆ ಬ್ರಿಟಿಷ್ ಕೊಲಂಬಿಯಾ ಥರದ ಪ್ರಾಂತ್ಯಗಳು ಕಾನೂನನ್ನೇ ಬದಲಾಯಿಸಿ ಅಮಾಯಕರ ಪಾಲು ಉಳಿಸಿದ್ವು.

ನಮ್ಮಲ್ಲಿ ಹಂಗೆ ಬರೆದಿಟ್ಟ ಕಾನೂನು ಇಲ್ಲ ಅಂದ್ನಲ್ಲ. ಆದ್ರೂ ಹೆಂಡತಿ ತನ್ನ ಹೆಸರಲ್ಲಿ ಬೇರೆ ಕ್ಲೇಮ್ ಹಾಕಬೇಕು, ಮನೆ ಕಟ್ಟೋಕೆ ತನ್ನ ದುಡ್ಡು ಎಷ್ಟು ಹೋಗಿದೆ, ಕ್ರಯಪತ್ರದಲ್ಲಿ ಪಾಲು ಎಷ್ಟು ಅಂತ ಬರೆದಿದೆ, ಲೋನ್ ಕಂತು ಯಾರ ಸಂಬಳದಿಂದ ಕಟ್ ಆಗಿದೆ ಇವನ್ನೆಲ್ಲ ಇಡಬೇಕು, ಪೊಲೀಸ್ ಕಂಪ್ಲೇಂಟ್ ತಾನೇ ಕೊಡಬೇಕು. ಮಾನ ಹೋಗುತ್ತೆ ಅಂತ ಮನೆಯವರು ಶಾರ್ಟ್ ಸರ್ಕ್ಯೂಟ್ ಅಂತ ಹೇಳ್ಸಿಬಿಡ್ತಾರೆ, ಆ ಒಂದು ಮಾತು ಸಾಕು, ಅಮಾಯಕಳಾಗಿದ್ದವಳೂ ಸುಳ್ಳು ಡಿಕ್ಲರೇಶನ್ ಕೊಟ್ಟವಳಾಗ್ತಾಳೆ. ದಯವಿಟ್ಟು ಹಂಗೆ ಹೇಳ್ಸಬೇಡಿ.

ಮಾಲಿನ ಮೇಲೆ ಬ್ಯಾಂಕ್ ಸಾಲ ಐತೆ. ಮಾಲೀಕ ಮೋಸ ಮಾಡಿದ್ರೆ ಬ್ಯಾಂಕಿಗೆ ದುಡ್ಡು ಬರುತ್ತಾ?

ಪಾಲಿಸಿ ಹಿಂದೆ ಅಗ್ರೀಡ್ ಬ್ಯಾಂಕ್ ಕ್ಲಾಸ್ ಅಂತ ಒಂದು ಹಾಳೆ ಇರುತ್ತೆ, ನೋಡಿ. ಬೇರೆ ವಿಮೆದಾರ ಮಾಡಿದ ಕೆಲಸದಿಂದ, ಮಾಡದೇ ಬಿಟ್ಟಿದ್ದರಿಂದ ರಿಸ್ಕ್ ಜಾಸ್ತಿ ಆದ್ರೂ, ಅದು ಬ್ಯಾಂಕಿಗೆ ಗೊತ್ತಿಲ್ಲದಿದ್ರೆ ಬ್ಯಾಂಕಿನ ಹಿತಕ್ಕೆ ಇನ್ಶೂರೆನ್ಸ್ ಸಾಯಲ್ಲ ಅಂತ ಅದರಲ್ಲಿದೆ. ಗೊತ್ತಾದ ತಕ್ಷಣ ಬ್ಯಾಂಕ್ ಕಂಪನಿಗೆ ತಿಳಿಸಬೇಕು ಅಂತಲೂ ಇದೆ. ಗಮನಿಸಿ, ಅದರ ಮಾತು ರಿಸ್ಕ್ ಹೆಚ್ಚಾಗೋದರ ಬಗ್ಗೆ, ಸುಳ್ಳು ಕ್ಲೇಮಿಗೂ ಅದು ಪೂರ್ತಿ ಕೊಡೆ ಹಿಡಿಯುತ್ತೆ ಅಂತ ತಿಳ್ಕೋಬೇಡಿ, ಅದಕ್ಕೆ ಬ್ಯಾಂಕ್ ತನ್ನ ಹಿತ ಬೇರೆ ಅಂತ ವಾದ ಮಾಡಬೇಕಾಗುತ್ತೆ. ಬ್ಯಾಂಕಿನವರು ಮುಂದಾಳತ್ವ ತಗೊಂಡು ಕಂಪನಿಗೆ ಬರೆದ್ರೆ ನಿಮ್ಮ ಸಾಲವಾದ್ರೂ ಇಳಿಯೋ ದಾರಿ ಇರುತ್ತೆ, ಮ್ಯಾನೇಜರ್ ಹತ್ರ ಹೋಗಿ ಕೂತ್ಕೊಳ್ಳಿ.

ನಾನು ರೈತ. ಬೇರೆಯವರ ಗೋಡೌನಲ್ಲಿ ಮೆಕ್ಕೆಜೋಳ ಇಟ್ಟಿದ್ದೆ, ಸುಟ್ಟು ಹೋಯ್ತು, ಗೋಡೌನ್‌ನವರ ಮೇಲೆ ಅನುಮಾನ ಅಂತ ಕಂಪನಿ ದುಡ್ಡು ಕೊಡ್ತಿಲ್ಲ.

ನಿಮಗೆ ಒಂದು ಗಟ್ಟಿ ತೀರ್ಪಿದೆ, ಅದೂ ನಮ್ಮ ಕಡೆ ಬೆಳೆಯದ್ದೇ. ಬ್ಯಾಡಗಿ ಮೆಣಸಿನಕಾಯಿ ಬೆಳೆದ ರೈತರು ಕೋಲ್ಡ್ ಸ್ಟೋರೇಜಲ್ಲಿ ಮಾಲಿಟ್ಟು, ಅದರ ಮೇಲೆ ಬ್ಯಾಂಕ್ ಸಾಲ ತಗೊಂಡಿದ್ರು. 2014ರ ಜನವರಿಯಲ್ಲಿ ಬೆಂಕಿ ಬಿತ್ತು. ಪಾಲಿಸಿ ಇದ್ದಿದ್ದು ಸ್ಟೋರೇಜಿನವರ ಹೆಸರಲ್ಲಿ, ರೈತರಿಗೂ ನಮಗೂ ಸಂಬಂಧ ಇಲ್ಲ ಅಂತು ಕಂಪನಿ. 2020ರಲ್ಲಿ ಸುಪ್ರೀಂ ಕೋರ್ಟ್, ಕೆನರಾ ಬ್ಯಾಂಕ್ ವರ್ಸಸ್ ಯುನೈಟೆಡ್ ಇಂಡಿಯಾ ಇನ್ಶೂರೆನ್ಸ್ ಕೇಸಲ್ಲಿ, ರೈತರು ಆ ಪಾಲಿಸಿಯ ಫಲಾನುಭವಿಗಳು, ಗ್ರಾಹಕರೂ ಹೌದು ಅಂತ ಹೇಳ್ತು. ಬೆಂಕಿ ಶಾರ್ಟ್ ಸರ್ಕ್ಯೂಟಿಂದಾನಾ ಬೇರೆ ಕಾರಣದಿಂದಾನಾ ಅನ್ನೋದು ಮುಖ್ಯ ಅಲ್ಲ, ವಿಮೆದಾರನೇ ಹಚ್ಚಿಲ್ಲ ಅಂದ್ರೆ ಕಂಪನಿ ತಪ್ಪಿಸ್ಕೊಳೋ ಹಂಗಿಲ್ಲ ಅಂತಲೂ ಹೇಳ್ತು. 2023ರಲ್ಲಿ ಮುದಿತ್ ರೋಡ್‌ವೇಸ್ ಕೇಸಲ್ಲಿ ಅದೇ ಮಾತು ಮತ್ತೆ ಬಂತು.

ಗೋಡೌನ್ ಮಾಲೀಕನೇ ಹಚ್ಚಿದ್ದು ಅಂತ ಸಾಬೀತಾದ್ರೆ ಕಥೆ ಕಷ್ಟ ಆಗುತ್ತೆ, ಆಗ ನಮ್ಮ ಹಿತ ಅವನದ್ದಕ್ಕಿಂತ ಬೇರೆ ಅನ್ನೋ ವಾದ ಹಿಡೀಬೇಕು, ಜೊತೆಗೆ ಅವನ ಮೇಲೂ ಪರಿಹಾರ ಕೇಳಬೇಕು. ಅದಕ್ಕೆ ಗೋಡೌನ್ ರಸೀದಿ, ತೂಕದ ಚೀಟಿ, ಯಾರ ಮಾಲು ಎಷ್ಟು ಚೀಲ ಅನ್ನೋ ರಿಜಿಸ್ಟರ್ ಜೆರಾಕ್ಸ್, ಇವನ್ನ ಇಟ್ಟ ದಿನವೇ ಮನೆಗೆ ತಗೊಂಡೋಗಿ. ಮೆಕ್ಕೆಜೋಳ ಆಗ್ಲಿ, ಚಳ್ಳಕೆರೆ ಕಡೆ ಶೇಂಗಾ ಆಗ್ಲಿ, ಭೀಮಸಮುದ್ರದ ಕಡೆ ಅಡಿಕೆ ಆಗ್ಲಿ, ಬಾಯಿಮಾತಲ್ಲಿ ಇಟ್ಟ ಚೀಲಕ್ಕೆ ಬೂದಿ ಆದ ಮೇಲೆ ಸಾಕ್ಷಿ ಇರಲ್ಲ.

ಕೆಲಸದವನು ಸೇಡಿಗೆ ಬೆಂಕಿ ಇಟ್ರೆ?

ನಿಮಗೆ ಗೊತ್ತಿಲ್ಲದೆ, ನಿಮ್ಮ ಕುಮ್ಮಕ್ಕಿಲ್ಲದೆ ಇಟ್ಟಿದ್ರೆ ಅದು ನಿಮ್ಮ ಕೃತ್ಯ ಅಲ್ಲ. ಅವನು ನಿಮ್ಮ ಪರವಾಗಿ ಮಾಡಿದ್ದು ಅಂತ ತೋರಿಸೋ ಹೊಣೆ ಕಂಪನಿದು.

ಮನೆಯವರಿಗೆಲ್ಲ ಒಂದೇ ಹೆಲ್ತ್ ಫ್ಲೋಟರ್. ಅಣ್ಣ ಸುಳ್ಳು ಆಸ್ಪತ್ರೆ ಬಿಲ್ ಹಾಕಿದ. ನಮ್ಮದೂ ರದ್ದಾಗುತ್ತಾ?

ಆಗಬಹುದು. ಹೆಲ್ತ್ ಪಾಲಿಸಿಯ ಸ್ಟ್ಯಾಂಡರ್ಡ್ ಫ್ರಾಡ್ ಕ್ಲಾಸಲ್ಲಿ ಕ್ಲೇಮ್ ಮೋಸದ್ದಾದ್ರೆ ಪಾಲಿಸಿಯ ಲಾಭ, ಕಟ್ಟಿದ ಪ್ರೀಮಿಯಂ ಎರಡೂ ಹೋಗುತ್ತೆ ಅಂತಿದೆ. ಆದ್ರೆ ಈಗಾಗ್ಲೇ ಕೊಟ್ಟ ದುಡ್ಡು ವಾಪಸ್ ಕೊಡೋ ಹೊಣೆ "ಆ ನಿರ್ದಿಷ್ಟ ಕ್ಲೇಮ್" ಮಾಡಿದವರ ಮೇಲೆ ಅಂತಲೂ ಇದೆ, ಮತ್ತೆ ನನಗೆ ಗೊತ್ತಿದ್ದಷ್ಟು ನಿಜವೇ ಹೇಳಿದ್ದೆ, ಮುಚ್ಚಿಡೋ ಉದ್ದೇಶ ಇರಲಿಲ್ಲ ಅಂತ ತೋರಿಸಿದವರ ಕ್ಲೇಮನ್ನ ಫ್ರಾಡ್ ಅಂತ ತಳ್ಳೋ ಹಂಗಿಲ್ಲ ಅಂತಲೂ ಇದೆ. ಆ ಎರಡು ಸಾಲು ಹಿಡ್ಕೊಂಡು ನಿಮ್ಮ ಹೆಸರಲ್ಲಿ ಲೆಟರ್ ಹಾಕಿ.

ಲೈಫ್ ಪಾಲಿಸಿಯಲ್ಲಿ ನಾಮಿನಿಯೇ ಕೊಲೆ ಮಾಡಿದ್ರೆ ಮಕ್ಕಳಿಗೆ ದುಡ್ಡು ಸಿಗುತ್ತಾ?

ಕೊಲೆ ಮಾಡಿದವರಿಗೆ ಸಿಗಲ್ಲ, ಹಿಂದೂ ಉತ್ತರಾಧಿಕಾರ ಕಾಯ್ದೆ 1956ರ 25ನೇ ಸೆಕ್ಷನ್ ಅವರನ್ನ ಆಸ್ತಿಯಿಂದಲೇ ಹೊರಗಿಡುತ್ತೆ. ಉಳಿದ ವಾರಸುದಾರರು ಕೇಳಬಹುದು. ಸತ್ತವರು ಪಾಲಿಸಿಯಲ್ಲಿ ಮೋಸ ಮಾಡಿಲ್ಲವಲ್ಲ, ಕರಾರು ಉಳಿದಿರುತ್ತೆ.

ಲಾರಿ ಮಾಲೀಕ ಇನ್ಶೂರೆನ್ಸಲ್ಲಿ ಏನೋ ತಪ್ಪು ಮಾಡಿದ್ದಾನೆ, ಗುದ್ದಿಸ್ಕೊಂಡವರಿಗೆ ಪರಿಹಾರ?

ಇಲ್ಲಿ ಕಾನೂನು ಅಮಾಯಕರ ಕಡೆ ಐತೆ. ಥರ್ಡ್ ಪಾರ್ಟಿ ವಿಮೆಯಲ್ಲಿ ಎಷ್ಟೋ ಕೇಸಲ್ಲಿ ಮೊದಲು ಗಾಯಾಳುಗೆ ಕೊಡು, ಆಮೇಲೆ ಮಾಲೀಕನಿಂದ ವಸೂಲಿ ಮಾಡ್ಕೋ ಅಂತ ಕಂಪನಿಗೆ ಆದೇಶ ಆಗುತ್ತೆ. 2004ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಸ್ವರಣ್ ಸಿಂಗ್ ತೀರ್ಪು ಇದಕ್ಕೆ ದೊಡ್ಡ ಆಧಾರ. ಬೆಂಕಿ ವಿಮೆಗೂ ಇಂಥದ್ದೊಂದು ನಿಯಮ ಬರಬೇಕು ಅಂತ ನನ್ನ ಆಸೆ.

ಮೋಸ ಆಗಿದೆ ಅಂತ ಕಂಪನಿ ಅಂದ್ರೆ ಮುಗೀತಾ?

ಇಲ್ಲ. ಮೋಸ ಅಂತ ಹೇಳಿದವರೇ ಸಾಬೀತು ಮಾಡಬೇಕು, ಅನುಮಾನ ಸಾಲಲ್ಲ. ಲೆಕ್ಕದಲ್ಲಿ ಕೂಡಿದ್ದು ತಪ್ಪಿದ್ದು, ಹಳೇ ರೇಟ್ ಹಾಕಿದ್ದು, ಬಿಲ್ ಸುಟ್ಟು ಹೋಗಿ ಅಂದಾಜಿನ ಮೇಲೆ ಬರೆದಿದ್ದು ಇದೆಲ್ಲ ಮೋಸ ಅಲ್ಲ, ತಪ್ಪು. ನಷ್ಟ ಎಷ್ಟು ಅಂತ ಅಳೆಯೋಕೆ ಬರೋ ಸರ್ವೇಯರ್ ರಿಪೋರ್ಟ್ ಮುಖ್ಯವಾದ ದಾಖಲೆ ಹೌದು, ಆದ್ರೆ ಅದೇ ಕೊನೇ ಮಾತಲ್ಲ ಅಂತ 2009ರಲ್ಲಿ ಸುಪ್ರೀಂ ಕೋರ್ಟ್ ಪ್ರದೀಪ್ ಕುಮಾರ್ ಕೇಸಲ್ಲಿ ಹೇಳಿದೆ. ರಿಪೋರ್ಟಿನ ಕಾಪಿ ಬರವಣಿಗೆಯಲ್ಲಿ ಕೇಳಿ.

ಪಾರ್ಟ್ನರ್ ಸುಳ್ಳು ಬಿಲ್ ಸೇರಿಸ್ತಿದ್ದಾನೆ ಅಂತ ಈಗ ಗೊತ್ತಾಯ್ತು. ಏನ್ ಮಾಡ್ಲಿ?

ಸುಮ್ಮನಿರಬೇಡಿ, ಸುಮ್ಮನಿದ್ದಿದ್ದೇ ಒಪ್ಪಿಗೆ ಆಗುತ್ತೆ. ಕ್ಲೇಮ್ ಇನ್ನೂ ಹೋಗಿಲ್ಲ ಅಂದ್ರೆ ಆ ಬಿಲ್ ತೆಗಿಸಿ, ಇಷ್ಟರ ಮೇಲೆ ಇನ್ನೇನೂ ಬೇಡ. ಹೋಗಿದೆ ಅಂದ್ರೆ ಅವತ್ತೇ ಒಬ್ಬ ವಕೀಲರನ್ನ ಕಂಡು, ನಿಮ್ಮ ಸ್ವಂತ ಹೆಸರಲ್ಲಿ ಕಂಪನಿಗೆ ಲೆಟರ್ ಬರೀರಿ, ಇಂಥ ಬಿಲ್ಲಿನ ಮಾಲು ಬಂದಿಲ್ಲ, ನನಗೆ ಇಂಥ ದಿನ ಗೊತ್ತಾಯ್ತು, ಅದನ್ನ ನಾನು ಬೆಂಬಲಿಸಲ್ಲ, ನಿಜವಾದ ಸ್ಟಾಕ್ ಇಷ್ಟು ಅಂತ. ರಿಜಿಸ್ಟರ್ಡ್ ಪೋಸ್ಟಲ್ಲೂ ಕಳಿಸಿ, ಮೇಲ್ ಕೂಡ ಹಾಕಿ. ನಿಜವಾದ ಸ್ಟಾಕ್ ತೋರಿಸೋಕೆ ಜಿಎಸ್‌ಟಿ ರಿಟರ್ನ್, ಎಪಿಎಂಸಿ ಪರ್ಮಿಟ್, ವೇಬ್ರಿಡ್ಜ್ ಚೀಟಿ, ಲಾರಿ ಬಾಡಿಗೆ ರಸೀದಿ, ಹಮಾಲಿ ಲೆಕ್ಕದ ಪುಸ್ತಕ, ಬ್ಯಾಂಕಿಗೆ ತಿಂಗಳು ತಿಂಗಳು ಕೊಟ್ಟ ಸ್ಟಾಕ್ ಸ್ಟೇಟ್ಮೆಂಟ್ ಎಲ್ಲ ಜೋಡಿಸಿ. ಅದರಲ್ಲೊಂದು ಗುಂಡಿ ಇದೆ, ಸಾಲ ಜಾಸ್ತಿ ಸಿಗ್ಲಿ ಅಂತ ಬ್ಯಾಂಕಿಗೆ ಉಬ್ಬಿಸಿ ಕೊಟ್ಟ ಸ್ಟೇಟ್ಮೆಂಟೇ ಆಮೇಲೆ ಕ್ಲೇಮಿನ ಕುತ್ತಿಗೆಗೆ ಬೀಳುತ್ತೆ.

ಲೆಟರ್ ಹಾಕಿದ ಮಾತ್ರಕ್ಕೆ ಫರ್ಮಿನ ಕ್ಲೇಮ್ ಉಳಿಯುತ್ತೆ ಅಂತ ನಾನು ಭರವಸೆ ಕೊಡಲ್ಲ. ಕ್ರಿಮಿನಲ್ ಕೇಸ್ ಆದ್ರೆ ನೀವು ಅದರೊಳಗೆ ಇರಲಿಲ್ಲ ಅನ್ನೋಕೆ, ಆಮೇಲೆ ಪಾರ್ಟ್ನರಿಂದ ವಸೂಲಿ ಕೇಳೋಕೆ ಅದೇ ಆಧಾರ.

ರಿಜೆಕ್ಟ್ ಆಗಿದೆ, ಎಲ್ಲಿಗೆ ಹೋಗ್ಲಿ?

ಮೊದಲು ಕಂಪನಿಯ ಗ್ರಿವೆನ್ಸ್ ಸೆಲ್ಲಿಗೆ (ದೂರು ವಿಭಾಗಕ್ಕೆ) ಬರವಣಿಗೆಯಲ್ಲಿ. ಒಪ್ಪದಿದ್ರೆ ಬೆಂಗಳೂರಲ್ಲಿರೋ, ವಿಮೆ ದೂರು ಕೇಳಿ ತೀರ್ಮಾನ ಮಾಡೋ ಇನ್ಶೂರೆನ್ಸ್ ಓಂಬುಡ್ಸ್‌ಮನ್, ಒಂದು ವರ್ಷದೊಳಗೆ, 50 ಲಕ್ಷದವರೆಗೆ, ಫೀಸಿಲ್ಲ, ವಕೀಲರು ಬೇಕಿಲ್ಲ, ಆದ್ರೆ ಅದು ವ್ಯಕ್ತಿಗಳಿಗೆ ಮತ್ತೆ ತೀರ ಸಣ್ಣ ಉದ್ಯಮಗಳಿಗೆ. ಇಲ್ಲಾಂದ್ರೆ ಜಿಲ್ಲಾ ಗ್ರಾಹಕ ಆಯೋಗ, ದಾವಣಗೆರೆಯಲ್ಲೂ ಇದೆ ಚಿತ್ರದುರ್ಗದಲ್ಲೂ ಇದೆ. 2019ರ ಕಾಯ್ದೆಯಲ್ಲಿ ಅಲ್ಲಿಗೆ ಎರಡು ವರ್ಷ ಟೈಮ್. ಆದ್ರೆ ಹಳೇ ಫೈರ್ ಪಾಲಿಸಿಯಲ್ಲಿ ರಿಜೆಕ್ಟ್ ಆದ 12 ತಿಂಗಳೊಳಗೆ ಕೇಸ್ ಹಾಕದಿದ್ರೆ ಕ್ಲೇಮ್ ಬಿಟ್ಟಂಗೆ ಅಂತ ಬರೆದಿರುತ್ತೆ, ಅದು ಸರೀನಾ ತಪ್ಪಾ ಅಂತ ಜಗಳ ಮಾಡೋ ಬದಲು 12 ತಿಂಗಳೊಳಗೇ ಹಾಕಿ. ತೀವ್ರವಾದ ಮೋಸದ ಆರೋಪ, ಸಾಕ್ಷಿಗಳ ವಿಚಾರಣೆ ಬೇಕು ಅಂದ್ರೆ ಆಯೋಗ ಸಿವಿಲ್ ಕೋರ್ಟಿಗೆ ಹೋಗಿ ಅನ್ನೋದೂ ಉಂಟು.

ಹೊಸ ಪಾಲಿಸಿ ತಗೊಳ್ತಿದ್ದೀವಿ. ಮೊದಲೇ ಏನು ಕೇಳಬೇಕು?

ಏಜೆಂಟ್ ಹತ್ರ ಪ್ರೀಮಿಯಂ ಎಷ್ಟು ಅಂತ ಮಾತ್ರ ಕೇಳಬೇಡಿ. ನಾನ್ ವಿಶಿಯೇಶನ್ ಕ್ಲಾಸ್ ಸಿಗುತ್ತಾ ಅಂತ ಕೇಳಿ, ಒಬ್ಬ ವಿಮೆದಾರನ ತಪ್ಪು ಇನ್ನೊಬ್ಬನ ಹಕ್ಕಿಗೆ ಅಂಟಬಾರದು ಅಂತ ಬರೆಯೋ ಸಾಲು ಅದು, ದೊಡ್ಡ ಪ್ರಾಜೆಕ್ಟ್ ಪಾಲಿಸಿಗಳಲ್ಲಿ ಹಾಕಿಸ್ಕೊಳ್ತಾರೆ. ಸಣ್ಣೋರಿಗೆ ಅದು ಸಿಗದಿದ್ರೆ ಮಾಲು ಯಾರದ್ದೋ ಅವರ ಹೆಸರಲ್ಲೇ ಬೇರೆ ಪಾಲಿಸಿ ಮಾಡಿಸಿ, ಒಂದೇ ಗೋಡೌನಲ್ಲಿ ಇದ್ರೂ ಪರವಾಗಿಲ್ಲ, ಯಾರ ಚೀಲ ಎಲ್ಲಿ ಅಂತ ಬೋರ್ಡ್ ಹಾಕಿ, ರಿಜಿಸ್ಟರ್ ಇಡಿ. ಪಾರ್ಟ್ನರ್‌ಶಿಪ್ ಡೀಡಲ್ಲಿ ಕ್ಲೇಮ್ ಪೇಪರಿಗೆ ಎಲ್ಲಾ ಪಾರ್ಟ್ನರ್ ಸೈನ್ ಬೇಕು ಅಂತ ಒಂದು ಸಾಲು ಸೇರಿಸಿ.

ನಾನು ಓದದೇ ಕ್ಲೇಮ್ ಫಾರ್ಮಿಗೆ ಸೈನ್ ಹಾಕ್ಬಿಟ್ಟಿದ್ದೀನಿ, ಏನಾಗುತ್ತೆ?

ಸೈನ್ ಇದ್ರೆ ಆ ಡಿಕ್ಲರೇಶನ್ ನಿಮ್ಮದೂ ಹೌದು ಅಂತಲೇ ಶುರುವಾಗುತ್ತೆ. ಓದಿರಲಿಲ್ಲ, ಖಾಲಿ ಫಾರ್ಮಿಗೆ ಹಾಕ್ಸಿದ್ರು ಅಂತ ಹೇಳಬಹುದು, ಆದ್ರೆ ಅದನ್ನ ತೋರಿಸೋಕೆ ಏನಾದ್ರೂ ಬೇಕು, ಅಕ್ಷರ ಯಾರದ್ದು, ಯಾವ ದಿನ ತುಂಬಿದ್ದು, ಫಾರ್ಮ್ ಕಳಿಸಿದ ವಾಟ್ಸಾಪ್ ಮೆಸೇಜ್, ಅವತ್ತು ನೀವು ಊರಲ್ಲಿರಲಿಲ್ಲ ಅನ್ನೋಕೆ ಬಸ್ ಟಿಕೆಟ್, ಏನಿದ್ರೂ ಜೋಡಿಸಿಡಿ. ನಮ್ಮಪ್ಪ ಬೆಂಕಿ ಬಿದ್ದ ಮಾರನೇ ದಿನ ಸುಟ್ಟ ಭತ್ತದ ವಾಸನೆ ಮೈಮೇಲೆ ಇರೋವಾಗ್ಲೇ ಖಾಲಿ ಫಾರ್ಮಿಗೆ ಸೈನ್ ಹಾಕಿ ಕೊಟ್ರು, ಸ್ನೇಹಿತನ ಮೇಲೆ ಅಷ್ಟು ನಂಬಿಕೆ. ಆ ಫಾರ್ಮಿನ ಜೆರಾಕ್ಸ್ ಇನ್ನೂ ನನ್ನ ಹತ್ರ ಇದೆ, ಮೇಲಿನ ಅಕ್ಷರ ಎಲ್ಲಾ ಅವರ ಸ್ನೇಹಿತರದ್ದು, ಕೆಳಗಿನ ಸೈನ್ ಒಂದೇ ನಮ್ಮಪ್ಪಂದು.